ಐನ್‌ಸ್ಟೈನ್ ಬಿಟ್ಟದ್ದು ವ್ಯಾಯಾಮಶಾಲೆಯನ್ನಲ್ಲ

ಯುರೋಪಿನ ವಿಜ್ಞಾನಿಗಳ ಬದುಕನ್ನು ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುವುದು, ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ಈ ಕೆಲಸದಲ್ಲಿ ‘ಜಿಮ್ನಾಸಿಯಂ’ ಎಂಬ ಒಂದು ಪದ ನನ್ನಿಂದ ತೆಗೆದುಕೊಂಡಷ್ಟು ಸಮಯವನ್ನು ಸಾಪೇಕ್ಷತಾ ಸಿದ್ಧಾಂತವೂ ತೆಗೆದುಕೊಂಡಿಲ್ಲ.

ತಿದ್ದಲು ಬಂದ ಹಸ್ತಪ್ರತಿಯೊಂದರಲ್ಲಿ ಐನ್‌ಸ್ಟೈನ್ ಹದಿನೈದನೆಯ ವಯಸ್ಸಿನಲ್ಲಿ ಮ್ಯೂನಿಕ್‌ನ ಲುಯಿಟ್‌ಪೋಲ್ಡ್ ‘ವ್ಯಾಯಾಮಶಾಲೆ’ಯನ್ನು ಬಿಟ್ಟರು ಎಂದಿತ್ತು. ಬರೆದವರನ್ನು ದೂರುವಂತಿಲ್ಲ. ಇಂಗ್ಲಿಷ್ ಪುಸ್ತಕಗಳು ಜರ್ಮನ್ ಶಾಲೆಯ ಹೆಸರನ್ನು ಹಾಗೆಯೇ ಉಳಿಸಿಕೊಳ್ಳುತ್ತವೆ. ನಿಘಂಟು ತೆರೆದರೆ ವ್ಯಾಯಾಮಶಾಲೆ ಎಂದಿರುತ್ತದೆ, ಇಂಗ್ಲಿಷಿನ ಮಟ್ಟಿಗೆ ಅದು ಸರಿಯೂ ಹೌದು. ಜರ್ಮನಿಯಲ್ಲಿ ಮಾತ್ರ ಜಿಮ್ನಾಸಿಯಂ ಎಂದರೆ ವಿಶ್ವವಿದ್ಯಾಲಯಕ್ಕೆ ಅಣಿಗೊಳಿಸುವ ಶಾಲೆ. ಅಂಗಸಾಧನೆಯ ಕಟ್ಟಡಕ್ಕೆ ಅಲ್ಲಿ ಟುರ್ನ್‌ಹಾಲೆ ಎಂಬ ಬೇರೆ ಹೆಸರೇ ಇದೆ.

ಹಾಗಾದರೆ ‘ಪ್ರೌಢಶಾಲೆ’ ಎಂದು ತಿದ್ದಿ ಮುಂದೆ ಹೋಗಬಹುದೇ? ಹೋಗಲಾಗದು. ಆ ಕಾಲದ ಜರ್ಮನಿಯಲ್ಲಿ ಮಕ್ಕಳು ಹತ್ತು ವರ್ಷದ ಆಸುಪಾಸಿನಲ್ಲಿ ಜಿಮ್ನಾಸಿಯಂ ಸೇರಿ ಒಂಬತ್ತು ವರ್ಷ ಓದುತ್ತಿದ್ದರು. ಲ್ಯಾಟಿನ್, ಗ್ರೀಕ್ ಭಾಷೆಗಳು ಕಡ್ಡಾಯ. ಕೊನೆಗೆ ಆಬಿಟೂರ್ ಎಂಬ ಪರೀಕ್ಷೆ, ಅದರಲ್ಲಿ ತೇರ್ಗಡೆಯಾದವರಿಗೆ ವಿಶ್ವವಿದ್ಯಾಲಯ. ಐನ್‌ಸ್ಟೈನ್ 1894ರ ಕೊನೆಯಲ್ಲಿ ಶಾಲೆ ಬಿಟ್ಟಾಗ ಕೈಬಿಟ್ಟು ಹೋದದ್ದು ಈ ಪರೀಕ್ಷೆ. ಅದಿಲ್ಲದ ಕಾರಣ 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, ಪಾಲಿಟೆಕ್ನಿಕ್ ಎಂಬ ವಿಶ್ವವಿದ್ಯಾಲಯ ಮಟ್ಟದ ತಾಂತ್ರಿಕ ವಿದ್ಯಾಲಯದಲ್ಲಿ ನೇರವಾಗಿ ಪ್ರವೇಶ ಪರೀಕ್ಷೆಗೆ ಕುಳಿತರು. ಗಣಿತ, ಭೌತಶಾಸ್ತ್ರಗಳಲ್ಲಿ ಮಿಂಚಿದರೂ ಒಟ್ಟಾರೆ ತೇರ್ಗಡೆಯಾಗಲಿಲ್ಲ. ಆರಾವ್ ಊರಿನ ಶಾಲೆಯಲ್ಲಿ ಓದು ಮುಗಿಸಿ 1896ರಲ್ಲಿ ಪಾಲಿಟೆಕ್ನಿಕ್ ಸೇರಿದರು. ಬರಿಯ ‘ಪ್ರೌಢಶಾಲೆ’ ಎಂದು ಓದಿದ ಮಗುವಿಗೆ ಈ ಅಲೆದಾಟದ ಕಾರಣವೇ ತಿಳಿಯುವುದಿಲ್ಲ. ಐನ್‌ಸ್ಟೈನ್ ಶಾಲೆಯಲ್ಲಿ ದಡ್ಡರಾಗಿದ್ದರು ಎಂಬ ಸುಳ್ಳು ಕತೆ ನಮ್ಮಲ್ಲಿ ಇಷ್ಟು ಸುಲಭವಾಗಿ ಹರಡಲು ಇಂಥ ಮಸುಕು ಅನುವಾದಗಳೂ ನೆರವಾಗಿವೆ ಎಂಬುದು ನನ್ನ ದೃಢ ನಂಬಿಕೆ.

ಪದ ಹೀಗೆ ಕವಲೊಡೆದ ಬಗೆ ಸೊಗಸಾಗಿದೆ. ಗ್ರೀಕ್ ಭಾಷೆಯಲ್ಲಿ ‘ಗುಮ್ನೋಸ್’ ಎಂದರೆ ಬೆತ್ತಲೆ. ಗಂಡಸರು ಬೆತ್ತಲೆಯಾಗಿ ಕುಸ್ತಿ, ಓಟಗಳ ಸಾಧನೆ ಮಾಡುತ್ತಿದ್ದ ಜಾಗ ‘ಗುಮ್ನಾಸಿಯೋನ್’. ನಮ್ಮ ಗರಡಿಮನೆಯ ಪಕ್ಕದಲ್ಲೇ ತರ್ಕ ಹೇಳಿಕೊಡುವ ಗುರುಗಳೂ ಕುಳಿತಿದ್ದರೆ ಹೇಗಿರುತ್ತಿತ್ತೋ ಹಾಗಿತ್ತು ಅದು. ಪ್ಲೇಟೋ ಕಲಿಸಿದ ಅಕಾಡೆಮಿ, ಅರಿಸ್ಟಾಟಲ್ ಕಲಿಸಿದ ಲೈಸಿಯಂ ಎರಡೂ ಅಥೆನ್ಸಿನ ಗೋಡೆಯಾಚೆಗಿದ್ದ ಇಂಥ ತಾಣಗಳೇ. ಎರಡು ಸಾವಿರ ವರ್ಷಗಳ ಬಳಿಕ ಯುರೋಪಿನ ವಿದ್ವಾಂಸರು ಆ ಹೆಸರುಗಳನ್ನು ಮತ್ತೆ ಎತ್ತಿಕೊಂಡಾಗ ಒಂದೊಂದು ನಾಡು ಒಂದೊಂದು ಮಗ್ಗುಲನ್ನು ಹಿಡಿಯಿತು. ಯೋಹಾನೆಸ್ ಸ್ಟುರ್ಮ್ 1538ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಕಟ್ಟಿದ ಜಿಮ್ನಾಸಿಯಂ ಓದಿನ ಮಗ್ಗುಲನ್ನು ಹಿಡಿದದ್ದು, ಜರ್ಮನ್ ನಾಡುಗಳು ಆ ದಾರಿಯಲ್ಲೇ ನಡೆದವು. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳು ಮೈಯ ಮಗ್ಗುಲನ್ನು ಉಳಿಸಿಕೊಂಡವು. ಶಾಲೆಗೆ ಹೆಸರು ಬೇಕಾದಾಗ ಫ್ರಾನ್ಸ್ ಅರಿಸ್ಟಾಟಲನ ತಾಣದತ್ತ ತಿರುಗಿ, 1802ರಲ್ಲಿ ‘ಲಿಸೆ’ಗಳನ್ನು ತೆರೆಯಿತು.

ನಾನು ಕೆಲಸ ಮಾಡುವ ಕ್ರಮ ಹೀಗೆ. ಈ ಪದಕ್ಕೆಂದೇ ನೋಟ್‌ಪುಸ್ತಕದಲ್ಲಿ ಕೆಲವು ಹಾಳೆ ಮೀಸಲಿಟ್ಟಿದ್ದೇನೆ. ಪದ ಎದುರಾದ ಕೂಡಲೇ ದೇಶ ಮತ್ತು ಇಸವಿ ಬರೆದುಕೊಂಡು, ವ್ಯಕ್ತಿಯ ಹುಟ್ಟಿದ ವರ್ಷವನ್ನು ಶಾಲೆ ಸೇರಿದ, ಬಿಟ್ಟ ವರ್ಷಗಳಿಂದ ಕಳೆಯುತ್ತೇನೆ. ಜರ್ಮನ್ ಭೌತವಿಜ್ಞಾನಿ ಹೈಸನ್‌ಬರ್ಗ್ ಹುಟ್ಟಿದ್ದು 1901ರ ಡಿಸೆಂಬರಿನಲ್ಲಿ, ಮ್ಯೂನಿಕ್‌ನ ಮ್ಯಾಕ್ಸಿಮಿಲಿಯನ್ ಜಿಮ್ನಾಸಿಯಂನಲ್ಲಿ ಓದಿದ್ದು 1911ರಿಂದ 1920ರವರೆಗೆ. ಒಂಬತ್ತರಿಂದ ಹದಿನೆಂಟರವರೆಗಿನ ವಯಸ್ಸು ಎಂದು ತಿಳಿದ ಮೇಲೆ ಅರ್ಧ ಗೊಂದಲ ಕಳೆಯುತ್ತದೆ. ಇಂದಿನ ಶಾಲೆಗಳಾದರೆ ಯುರೋಪಿಯನ್ ಆಯೋಗದ ಯೂರಿಡೈಸ್ ಜಾಲ ಪ್ರತಿ ದೇಶದ ಶಿಕ್ಷಣ ಕ್ರಮವನ್ನು ವಯಸ್ಸಿನ ಸಮೇತ ಚಿತ್ರ ಬರೆದು ಕೊಡುತ್ತದೆ. ನನಗೆ ಅದಕ್ಕಿಂತ ಒಳ್ಳೆಯ ಆಸರೆ ಸಿಕ್ಕಿಲ್ಲ.

ಮೇರಿ ಕ್ಯೂರಿಯ ವಿಷಯದಲ್ಲಿ ವಯಸ್ಸಿನ ಲೆಕ್ಕವೂ ಸಾಲಲಿಲ್ಲ. ರಷ್ಯಾದ ಆಳ್ವಿಕೆಯಲ್ಲಿದ್ದ ವಾರ್ಸಾದಲ್ಲಿ ಆಕೆ 1883ರಲ್ಲಿ ಚಿನ್ನದ ಪದಕದೊಂದಿಗೆ ಜಿಮ್ನಾಸಿಯಂ ಮುಗಿಸಿದರು. ಐನ್‌ಸ್ಟೈನರ ಅಧ್ಯಾಯಕ್ಕೆ ಬರೆದ ‘ವಿಶ್ವವಿದ್ಯಾಲಯದ ಬಾಗಿಲು ತೆರೆಯುವ ಶಾಲೆ’ ಎಂಬ ವಿವರಣೆಯನ್ನು ಇಲ್ಲಿ ಅಂಟಿಸಿದರೆ ಹಸಿ ಸುಳ್ಳಾಗುತ್ತದೆ. ವಾರ್ಸಾ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಪದಕ ಗೆದ್ದ ಹುಡುಗಿ ಮನೆಪಾಠ ಹೇಳಿ, ಪರರ ಮಕ್ಕಳಿಗೆ ಶಿಕ್ಷಕಿಯಾಗಿ ದುಡಿದು, 1891ರಲ್ಲಿ ಪ್ಯಾರಿಸ್ಸಿಗೆ ಹೋಗಬೇಕಾಯಿತು. ಆ ಅಧ್ಯಾಯದಲ್ಲಿ ‘ಜಿಮ್ನಾಸಿಯಂ ಎಂಬ ಹೆಸರಿನ ಹೆಣ್ಣುಮಕ್ಕಳ ಶಾಲೆ’ ಎಂದು ಬರೆದು, ಮುಂದಿನ ಓದಿಗೆ ಊರಲ್ಲಿ ದಾರಿಯಿರಲಿಲ್ಲ ಎಂಬುದನ್ನು ಅದೇ ವಾಕ್ಯದಲ್ಲಿ ಸೇರಿಸಿದೆ.

‘ಪಿಯುಸಿ ಎಂದು ಬರೆದುಬಿಡಿ, ಮಕ್ಕಳಿಗೆ ಬೇಗ ಅರ್ಥವಾಗುತ್ತದೆ’ ಎಂದು ಗೆಳೆಯರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಹತ್ತು ವರ್ಷದ ಮಗು ಸೇರುವ ಶಾಲೆ ಪಿಯುಸಿ ಹೇಗಾದೀತು? ಹೆಸರನ್ನು ಕನ್ನಡ ಲಿಪಿಯಲ್ಲಿ ಇದ್ದಂತೆಯೇ ಬರೆದು, ಮೊದಲ ಸಲ ಬಂದಾಗ ವಯಸ್ಸನ್ನೂ ಮುಗಿಸಿದವರಿಗೆ ಸಿಗುವುದನ್ನೂ ಹೇಳುತ್ತೇನೆ. ಎರಡು ಸಾಲು ಹೆಚ್ಚಾದರೆ ಆಗಲಿ.

ನೋಟ್‌ಪುಸ್ತಕದ ಹಾಳೆಗಳು ತುಂಬುತ್ತಲೇ ಇವೆ. ಪದ ಹುಟ್ಟಿದ ಗ್ರೀಸ್‌ನಲ್ಲೇ ಇಂದು ‘ಗಿಮ್ನಾಸಿಯೊ’ ಎಂದರೆ ಹನ್ನೆರಡರಿಂದ ಹದಿನೈದರವರೆಗಿನ ಮಕ್ಕಳ ಶಾಲೆ. ಅದಾದ ಮೇಲೆ ‘ಲಿಕಿಯೊ’. ಸ್ವೀಡನ್ನಿನಲ್ಲಿ ಹದಿನಾರು ದಾಟಿದವರಿಗೆ ಮೂರು ವರ್ಷದ ಓದು. ನೆದರ್‌ಲೆಂಡ್ಸ್‌ನಲ್ಲಿ ಲ್ಯಾಟಿನ್, ಗ್ರೀಕ್ ಕಲಿಸುವ ಆರು ವರ್ಷದ ಶಾಲೆಗಷ್ಟೇ ಆ ಹೆಸರು. ಪೋಲೆಂಡಿನಲ್ಲಿ 1999ರಲ್ಲಿ ಹದಿಮೂರರಿಂದ ಹದಿನಾರರ ಮಕ್ಕಳಿಗೆಂದು ಶುರುವಾದ ‘ಗಿಮ್ನಾಜ್ಯುಮ್’ 2019ಕ್ಕೆ ಮುಚ್ಚಿಯೇ ಹೋಯಿತು. ಪೋಲೆಂಡಿನವರ ಬಗ್ಗೆ ಬರೆಯುವಾಗ ಅದಕ್ಕೇ ಇಸವಿಯನ್ನು ಎರಡು ಸಲ ನೋಡುತ್ತೇನೆ.

ಸ್ವಿಟ್ಜರ್ಲೆಂಡಿಗೆ ದೇಶದ ಹೆಸರೂ ಸಾಕಾಗುವುದಿಲ್ಲ. ಫ್ರಾನ್ಸಿನಲ್ಲಿ ‘ಜಿಮ್ನಾಜ್’ ಎಂದರೆ ಆಟದ ಒಳಾಂಗಣ. ಗಡಿ ದಾಟಿ ಲೋಸಾನ್‌ಗೆ ಬಂದರೆ ಅದೇ ಫ್ರೆಂಚ್ ಪದ ವಿಶ್ವವಿದ್ಯಾಲಯಕ್ಕೆ ಮುಂಚಿನ ಶಾಲೆಯಾಗುತ್ತದೆ. ಅಲ್ಲಿಂದ ಸ್ವಲ್ಪ ದೂರದ ಜಿನೀವಾದಲ್ಲಿ ಅಂಥ ಶಾಲೆಯನ್ನು ‘ಕೊಲೇಜ್’ ಎನ್ನುತ್ತಾರೆ. ಫ್ರಾನ್ಸಿನಲ್ಲಾದರೋ ಕೊಲೇಜ್ ಹನ್ನೊಂದರಿಂದ ಹದಿನೈದರ ಮಕ್ಕಳದು. ಹೀಗಾಗಿ ಸ್ವಿಸ್ ವಿಜ್ಞಾನಿಗಳ ಅಧ್ಯಾಯದಲ್ಲಿ ಊರಿನ ಹೆಸರನ್ನೂ ಬರೆಯುತ್ತೇನೆ, ಕೊಲೇಜ್ ಪದಕ್ಕೆ ಬೇರೆಯದೇ ಹಾಳೆ ತೆರೆದಿದ್ದೇನೆ.