ರಾತ್ರಿಯಿಡೀ ಆಟಕ್ಕೆ ಕುಗ್ಗದ ವೋಲ್ಟೇಜ್

ಕುಂಬಳೆ ಕಡೆಯ ಒಂದು ಯಕ್ಷಗಾನ ಬಯಲಾಟ. ನಡುರಾತ್ರಿ ಕಳೆದು ಬಣ್ಣದ ವೇಷದ ಒಡ್ಡೋಲಗಕ್ಕೆ ಚೆಂಡೆ ಏರುತ್ತಿದ್ದಾಗ ನನ್ನ ಕ್ಯಾಮೆರಾ ಆರಿತು. ಮನೆಯಲ್ಲಿ ಕಟ್ಟಿದ ಬ್ಯಾಟರಿ ಪ್ಯಾಕ್‌ನಲ್ಲಿ ಇನ್ನೂ ಸಾಕಷ್ಟು ಚಾರ್ಜ್ ಇತ್ತು. ಆ ಪ್ರವೇಶ ಕೈತಪ್ಪಿದ ಸಂಕಟ ಈಗಲೂ ಇದೆ.

ಎರಡು ಲಿಥಿಯಂ ಅಯಾನ್ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ ನೇರವಾಗಿ ಕೊಟ್ಟದ್ದೇ ತಪ್ಪು. ತುಂಬಿದಾಗ 8.4 ವೋಲ್ಟ್ ಇರುವ ಈ ಜೋಡಿ ಬರಿದಾಗುತ್ತಾ 6ರತ್ತ ಇಳಿಯುತ್ತದೆ. ಲೆನ್ಸ್ ಫೋಕಸ್ ಹುಡುಕುವಾಗ ಕರೆಂಟ್ ಒಮ್ಮೆಲೇ ಏರುತ್ತದೆ; ಸೆಲ್‌ನ ಒಳರೋಧ, ಸಪೂರ ವಯರ್ ಎರಡೂ ಸೇರಿ ವೋಲ್ಟೇಜನ್ನು ಇನ್ನಷ್ಟು ಕೆಳಗೆಳೆಯುತ್ತವೆ. ಬ್ಯಾಟರಿ ಮುಗಿಯಿತೆಂದು ಕ್ಯಾಮೆರಾ ಭಾವಿಸುತ್ತದೆ.

ಆದ್ದರಿಂದ ಮೂರು ಸೆಲ್ ತೆಗೆದುಕೊಂಡು ಸರಣಿಯಲ್ಲಿ ಜೋಡಿಸಿ. ಒಂದೇ ಮಾದರಿಯ, 18650 ಅಳತೆಯ ಹೊಸ ದುಂಡು ಸೆಲ್‌ಗಳಿರಲಿ. ಹಳೆಯ ಲ್ಯಾಪ್‌ಟಾಪ್‌ನಿಂದ ಕಿತ್ತವು ಬೇಡವೇ ಬೇಡ. ಸೆಲ್‌ಗೆ ನೇರವಾಗಿ ಬೆಸುಗೆ ಹಾಕಬೇಡಿ, ಹೋಲ್ಡರ್ ಬಳಸಿ. ಮೂರು ಸೆಲ್‌ಗಳ ರಕ್ಷಣಾ ಬೋರ್ಡ್ ಮತ್ತು 3 ಆಂಪಿಯರ್ ಫ್ಯೂಸ್ ಕಡ್ಡಾಯ. ಈಗ ತುಂಬಿದ ಪ್ಯಾಕ್‌ನಲ್ಲಿ 12.6 ವೋಲ್ಟ್ ಇದೆ. ಇದನ್ನು ಎಲ್‌ಎಂ2596 ಬಕ್ ಕನ್ವರ್ಟರ್ ಬೋರ್ಡ್ ಕ್ಯಾಮೆರಾಕ್ಕೆ ಬೇಕಾದಷ್ಟಕ್ಕೆ ಇಳಿಸಿಕೊಡುತ್ತದೆ.

ಕ್ಯಾಮೆರಾ ಜೋಡಿಸುವ ಮೊದಲೇ ಮಲ್ಟಿಮೀಟರ್ ಹಿಡಿದು ಕನ್ವರ್ಟರ್ ಬೋರ್ಡ್‌ನ ಹಿತ್ತಾಳೆ ಸ್ಕ್ರೂ ತಿರುಗಿಸಿ. ಮೊದಲ ಕೆಲವು ಸುತ್ತಿಗೆ ಅಂಕಿ ಕದಲದಿದ್ದರೆ ಗಾಬರಿ ಬೇಡ, ಇನ್ನೂ ತಿರುಗಿಸಿ. ಮೂಲ ಬ್ಯಾಟರಿಯ ಮೇಲೆ 7.2 ಅಥವಾ 7.4 ವೋಲ್ಟ್ ಎಂದಿದ್ದರೆ ನಾನು 7.8ಕ್ಕೆ ನಿಲ್ಲಿಸುತ್ತೇನೆ.

ಮುಖ್ಯ ಪರೀಕ್ಷೆ ಇನ್ನು ಮುಂದೆ. ಹೊರೆಯಿಲ್ಲದೆ ಅಳೆದ ವೋಲ್ಟೇಜನ್ನು ನಂಬಬೇಡಿ. ಬೈಕಿನ 12 ವೋಲ್ಟ್, 21 ವಾಟ್ ಬ್ರೇಕ್ ಬಲ್ಬನ್ನು ಕ್ಯಾಮೆರಾಕ್ಕೆ ಹೋಗುವ ವಯರಿನ ತುದಿಗೆ ಜೋಡಿಸಿ ಅಲ್ಲೇ ಅಳೆಯಿರಿ. ಬೋರ್ಡ್‌ನಲ್ಲಿ 7.8 ಇದ್ದು ತುದಿಯಲ್ಲಿ 7.3 ಕಂಡರೆ ಅರ್ಧ ವೋಲ್ಟ್ ವಯರಿನಲ್ಲೇ ಕರಗಿದೆ: ದಪ್ಪ ವಯರ್ ಹಾಕಿ, ಉದ್ದ ಕಡಿಮೆ ಮಾಡಿ. ಡಮ್ಮಿ ಬ್ಯಾಟರಿಯ (ಮೂಲ ಬ್ಯಾಟರಿಯ ಜಾಗದಲ್ಲಿ ಕೂರುವ, ವಯರ್ ಜೋಡಿಸಿದ ಖಾಲಿ ಅಚ್ಚಿನ) ಬಳಿ 1000 ಮೈಕ್ರೋಫ್ಯಾರಡ್, 16 ವೋಲ್ಟ್ ಕೆಪಾಸಿಟರ್ ಸೇರಿಸಿದರೆ ಫೋಕಸ್‌ನ ಹಠಾತ್ ಸೆಳೆತಕ್ಕೆ ಆಸರೆಯಾಗುತ್ತದೆ. ಪ್ಲಸ್, ಮೈನಸ್ ಎರಡು ಬಾರಿ ನೋಡಿ.

ಪ್ಯಾಕ್ 9.6 ವೋಲ್ಟ್‌ಗೆ ಇಳಿದಾಗ ಬಳಕೆ ನಿಲ್ಲಿಸಿ. ಅದಕ್ಕಿಂತ ಕೆಳಗೆ ಬೋರ್ಡ್‌ಗೂ ಸ್ಥಿರತೆ ಕಷ್ಟ. ಚಾರ್ಜ್‌ಗೆ 12.6 ವೋಲ್ಟ್‌ನ ಲಿಥಿಯಂ ಚಾರ್ಜರ್ ಮಾತ್ರ, ಅದೂ ನೀವು ಎಚ್ಚರವಿರುವಾಗ. ಹೊರಡುವ ಮುನ್ನ ಸ್ಕ್ರೂ ಮೇಲೆ ಒಂದು ಹನಿ ಉಗುರುಬಣ್ಣ ಹಚ್ಚಿ. ಬಸ್ಸಿನ ಕುಲುಕಾಟಕ್ಕೆ ಅದು ತಿರುಗುವುದಿಲ್ಲ.