ಠಾಣೆಯ ಹಿತ್ತಲು ಖಾಲಿ ಮಾಡಿದ್ದು ಹೀಗೆ

ನಮ್ಮ ಪೊಲೀಸ್ ಠಾಣೆಯ ಹಿತ್ತಲಲ್ಲಿ ಈಗ ಜೀಪು ತಿರುಗಿಸಬಹುದು. ಎರಡು ವರ್ಷದ ಹಿಂದೆ ಕಾಲಿಡಲು ಜಾಗ ಇರಲಿಲ್ಲ. ಕೇಸುಗಳಲ್ಲಿ ವಶಪಡಿಸಿಕೊಂಡ ಸುಮಾರು 210 ಗಾಡಿ, ಹೆಚ್ಚಿನವು ಬೈಕು. ಮೇಲೆಲ್ಲ ಬಳ್ಳಿ, ಒಳಗೆ ಹಾವು. ಠಾಣೆಯ ದಾಖಲೆ ಬರೆಯುವ ರೈಟರ್ ನಾನು. “ರೈಟರೇ, ಇದು ಆಗೋ ಕೆಲಸ ಅಲ್ಲ, ಸುಮ್ನೆ ಬಿಡಿ” ಎಂದು ಪಕ್ಕದ ಠಾಣೆಯವರೂ ಹೇಳಿದರು, ನಮ್ಮವರೂ ಹೇಳಿದರು. ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ನಾನೂ ಎಲ್ಲರ ಹಾಗೆ ಪಿಎಫ್ ಪುಸ್ತಕ (ವಶಪಡಿಸಿಕೊಂಡ ಮಾಲು ದಾಖಲಿಸುವ ಪುಸ್ತಕ) ಹಿಡಿದು ಹಿತ್ತಲಿಗೆ ಇಳಿದೆ. ಮೂರು ವಾರ ಹುಡುಕಿ ಸಿಕ್ಕಿದ್ದು ಮೂವತ್ತರ ಆಸುಪಾಸು. ಚೀಟಿಗಳನ್ನು ಗೆದ್ದಲು ತಿಂದಿತ್ತು. ಟ್ಯಾಂಕಿನ ಮೇಲೆ ಬಣ್ಣದಲ್ಲಿ ಬರೆದಿದ್ದ ಕ್ರೈಂ ನಂಬರ್, ಅಂದರೆ ಕೇಸಿನ ನಂಬರ್, ಬಿಸಿಲಿಗೆ ಹಾರಿಹೋಗಿತ್ತು. ಕಳವಿನ ಗಾಡಿಗಳ ನಂಬರ್ ಪ್ಲೇಟನ್ನಂತೂ ನಂಬುವ ಹಾಗೇ ಇಲ್ಲ, ಅಲ್ವಾ?

ಆಮೇಲೆ ಉಲ್ಟಾ ಮಾಡಿದೆ. ಪುಸ್ತಕದಿಂದ ಗಾಡಿಗಲ್ಲ, ಗಾಡಿಯಿಂದ ಪುಸ್ತಕಕ್ಕೆ. ಒಂದೊಂದೇ ಗಾಡಿ ಹೊರಗೆಳೆದು ಚಾಸಿ ನಂಬರ್, ಎಂಜಿನ್ ನಂಬರ್ ಬರೆದುಕೊಂಡೆ. ಫೋಟೋ ತೆಗೆದೆ. ಅಲ್ಯೂಮಿನಿಯಂ ಬಿಲ್ಲೆಗೆ ನಂಬರ್ ಗುದ್ದಿ ತಂತಿಯಲ್ಲಿ ಕಟ್ಟಿದೆ. ಯಾವ ಕೇಸು ಅನ್ನುವುದು ಆಮೇಲಿನ ಮಾತು. ಬೆಳಿಗ್ಗೆ ರೋಲ್ ಕಾಲ್‌ಗೆ ಮುಂಚೆ ದಿನಕ್ಕೆ ಐದಾರು ಗಾಡಿ. ತುಕ್ಕು ಹಿಡಿದ ಚಾಸಿಯಲ್ಲಿ ನಂಬರ್ ಓದಲು ನನ್ನದೇ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. ಉಪ್ಪುಕಾಗದ ಹಾಕಿ ಉಜ್ಜಬೇಡಿ ಎಂದಷ್ಟೇ ಹೇಳುತ್ತೇನೆ. ಹಾಗೆ ಉಜ್ಜಿ ಎರಡು ಗಾಡಿಯ ನಂಬರ್ ಕಳೆದುಕೊಂಡೆ.

ಕೋರ್ಟಿನಲ್ಲಿ ಇನ್ನೊಂದು ಪೆಟ್ಟು. 40 ಗಾಡಿಯ ವಿಲೇವಾರಿಗೆ ಅನುಮತಿ ಕೇಳಿ ಒಂದೇ ಅರ್ಜಿ ಹಾಕಿದೆ, ಹಾಗೇ ವಾಪಸ್ ಬಂತು. ಮತ್ತೆ ಒಂದೊಂದು ಕ್ರೈಂ ನಂಬರಿಗೆ ಬೇರೆ ಬೇರೆ ಅರ್ಜಿ, ಜೊತೆಗೆ ಫೋಟೋ, ಮಹಜರು. ವಾರಕ್ಕೆ ಐದೇ. ಜಾಸ್ತಿ ಕೊಟ್ಟರೆ ಕಟ್ಟು ಕಟ್ಟಾಗಿ ಮೂಲೆ ಸೇರುತ್ತವೆ. ಮುದ್ದೆಮಾಲನ್ನು (ಕೇಸಿನಲ್ಲಿ ವಶಪಡಿಸಿಕೊಂಡ ವಸ್ತು) ಠಾಣೆಯಲ್ಲಿ 15 ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಪ್ರತಿ ಅರ್ಜಿಯಲ್ಲೂ ಅದನ್ನು ಬರೆದೆ, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 497ನೇ ಕಲಮನ್ನೂ ಸೇರಿಸಿದೆ. ವಾರಸುದಾರರಿಲ್ಲದ ಗಾಡಿಗಳಿಗೆ ಕೋರ್ಟಿನಿಂದ 503ನೇ ಕಲಮಿನ ಪ್ರಕಟಣೆ ಹೊರಡಿಸಿ ಆರು ತಿಂಗಳು ಕಾಯಲೇಬೇಕು. ಅಲ್ಲಿ ಅವಸರ ಮಾಡಬೇಡಿ.

ದುಡ್ಡಿನ ವಿಷಯ. ಬಿಲ್ಲೆ, ಪಂಚ್ ಸೆಟ್, ಬಳ್ಳಿ ಕಡಿದವರ ಕೂಲಿ ಎಲ್ಲ ಸೇರಿ ನನ್ನ ಕೈಯಿಂದ ಆರು ಸಾವಿರ ಹೋಯಿತು. ಮೊದಲ ಹರಾಜಿಗೆ ಬಂದ ಮೂವರು ಗುಜರಿಯವರು ಮೊದಲೇ ಮಾತಾಡಿಕೊಂಡಿದ್ದರು. ಬೈಕಿಗೆ 1,100ರ ಮೇಲೆ ಒಂದು ರೂಪಾಯಿ ಏರಲಿಲ್ಲ. ಬ್ರೇಕ್ ಇನ್‌ಸ್ಪೆಕ್ಟರ್ (ಆರ್‌ಟಿಒ ಕಚೇರಿಯ ವಾಹನ ತಪಾಸಣೆ ಅಧಿಕಾರಿ) ಕಟ್ಟಿದ ಬೆಲೆಯ ಅರ್ಧವೂ ಅಲ್ಲ. ಸಾಹೇಬರಿಗೆ ಹೇಳಿ ರದ್ದು ಮಾಡಿಸಿದೆ. ಎರಡನೇ ಸಲ ಪಕ್ಕದ ಎರಡು ಜಿಲ್ಲೆಯ ಗುಜರಿಯವರಿಗೂ ಸುದ್ದಿ ಮುಟ್ಟಿಸಿದೆ. 130 ಬೈಕು ಸರಾಸರಿ 2,900ಕ್ಕೆ ಹೋದವು. ಖಜಾನೆಗೆ ಕಟ್ಟಿದ್ದು ಮೂರು ಮುಕ್ಕಾಲು ಲಕ್ಷ. ನಮ್ಮ ಸಬ್ ಡಿವಿಷನ್ನಿನಲ್ಲಿ ಆ ವರ್ಷ ಬೇರೆ ಯಾರೂ ಇಷ್ಟು ಕಟ್ಟಿರಲಿಲ್ಲ.

ಅರವತ್ತೈದು ಗಾಡಿ ಮಾಲೀಕರ ಕೈ ಸೇರಿದವು. ಒಬ್ಬ ಹಿರಿಯರು ಒಂಬತ್ತು ವರ್ಷದ ಹಿಂದೆ ಕಳವಾದ ಮೊಪೆಡ್ಡಿನ ಎರಡನೇ ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡೇ ಬಂದಿದ್ದರು. ಬೀಗ ತುಕ್ಕು ಹಿಡಿದಿತ್ತು, ತಿರುಗಲಿಲ್ಲ. ಹೆಗಲ ಮೇಲಿನ ಟವೆಲ್ಲಿನಲ್ಲಿ ಸೀಟು ಒರೆಸಿ, ಕೀಲಿಯನ್ನು ಅಲ್ಲೇ ಬಿಟ್ಟು, ತಳ್ಳಿಕೊಂಡು ಹೋದರು.

ಬಿಲ್ಲೆ ಉಳಿದಿದ್ದವು. ಲಾಕಪ್ಪಿಗೂ ಒಂದು ಪ್ರಯೋಗ ಮಾಡಿದೆ. ಆರೋಪಿಯ ವಾಚು, ಪರ್ಸು, ಬೆಲ್ಟು ಮೊದಲು ಪ್ಲಾಸ್ಟಿಕ್ ಕವರಿನಲ್ಲಿ ಇಡುತ್ತಿದ್ದೆವು. ಹರಿಯುತ್ತಿತ್ತು, ಒಂದರದ್ದು ಇನ್ನೊಂದಕ್ಕೆ ಸೇರುತ್ತಿತ್ತು. ಸಬ್ ಜೈಲಿಗೆ ಬಿಡುವಾಗ “ನನ್ನ ವಾಚ್ ಎಲ್ಲಿ ಸಾರ್?” ಎಂಬ ಜಗಳ ತಪ್ಪುತ್ತಿರಲಿಲ್ಲ. ಈಗ ಕ್ಯಾನ್ವಾಸ್ ಚೀಲ, ಬಾಯಿಗೆ ಬಿಲ್ಲೆ, ಪಟ್ಟಿಗೆ ಅವನದೇ ಸಹಿ, ಒಂದು ಪ್ರತಿ ಅವನಿಗೇ. ಎಂಟು ತಿಂಗಳಿಂದ ಒಂದು ತಕರಾರೂ ಬಂದಿಲ್ಲ.

ಇನ್ನು ಹದಿನೈದು ಗಾಡಿ ಉಳಿದಿವೆ. ಕೆಲವಕ್ಕೆ ಅಪೀಲು ನಡೆಯುತ್ತಿದೆ, ನಂಬರ್ ಅಳಿದ ಆ ಎರಡಕ್ಕೆ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯ) ಬರೆದಿದ್ದೇನೆ. ಅಲ್ಲಿಯ ತನಕ ಗೋಡೆ ಪಕ್ಕ ತಗಡು ಹೊದಿಸಿ, ಬಿಲ್ಲೆ ಕಾಣುವ ಹಾಗೆ ನಿಲ್ಲಿಸಿದ್ದೇನೆ.