ಮಾರಿಕಣಿವೆ ಪ್ರಬಂಧದಲ್ಲಿ ಕಾಲ ಹಿಂದೆಮುಂದೆ ಮಾಡಿದ್ದು

ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನಡುವಿನ 89 ವರ್ಷವೇ ನನ್ನ ಪ್ರಬಂಧದ ಬಂಡವಾಳ. ಮೊದಲ ಕೋಡಿ ನೋಡೋಕೆ ನಮ್ಮಜ್ಜ ತನ್ನ ಅಣ್ಣನ ಜೊತೆ ಹೋಗಿದ್ದ. ಬರುವಾಗ ಒಬ್ಬನೇ ಬಂದ. ಆಮೇಲೆ ಸಾಯೋತನಕ ಆ ಕಡೆ ತಲೆ ಹಾಕಲಿಲ್ಲ.

1933ರಿಂದ ನೆಟ್ಟಗೆ ಬರೆದಾಗ ಎರಡನೇ ಪುಟಕ್ಕೇ ಎಲ್ಲಾ ಮುಗಿದು ಉಳಿದದ್ದು ಸಪ್ಪೆಯಾಯಿತು. ಅಣ್ಣನ ವಿಷಯ ಕೊನೆಗಿಟ್ಟಾಗ ಯಾರೂ ಅಲ್ಲಿತನಕ ಓದಲಿಲ್ಲ. ಡಿಟಿಪಿ, ಜೆರಾಕ್ಸ್, ಕೊರಿಯರ್ ಅಂತ ಹತ್ತಿರ ಹತ್ತಿರ ಎರಡು ಸಾವಿರ ಹೋಯಿತು. ದುರ್ಗದ ಗೆಳೆಯರು, "ಪ್ರಬಂಧ ಅಂದ್ರೆ ಹರಟೆ ಕಣಯ್ಯ, ಅದಕ್ಯಾಕೆ ಪತ್ತೇದಾರಿ ಆಟ?" ಅಂದರು.

ನಾನು ಬಿಡಲಿಲ್ಲ. 2022ರ ಜನಜಾತ್ರೆಯಿಂದ ಶುರು ಮಾಡಿ, ಒಬ್ಬನೇ ವಾಪಸ್ ಬಂದ ಅನ್ನೋದನ್ನ ಮೊದಲ ಪ್ಯಾರಾದಲ್ಲೇ ಹೇಳಿಬಿಟ್ಟೆ. ಹೇಗೆ ಅನ್ನೋದನ್ನ ಮಾತ್ರ ಹಿಡಿದಿಟ್ಟೆ. ಕುತೂಹಲ ಉಳಿಯೋದು ಅಲ್ಲೇ. 1933ರ ಆ ಇಬ್ಬರು ಹುಡುಗರು ಕೋಡಿ ಹತ್ತಿರ ಮುಟ್ಟಿದ ಕೂಡಲೇ ಕತ್ತರಿಸಿ, ಮುದುಕ ಅಜ್ಜನ ಟ್ರಂಕಿಗೆ ಬಂದೆ. ಅದರೊಳಗೆ ನೀಲಿ ಅಂಚಿನ ಬುತ್ತಿ ಬಟ್ಟೆ. ಹಿಂದಿನ ಪುಟದಲ್ಲಿ ಅಣ್ಣನ ಹೆಗಲ ಮೇಲಿದ್ದದ್ದೂ ಅದೇ. ನಾನು ಇಸವಿ ಹಾಕದಿದ್ದರೂ ಓದುಗ ಕಾಲ ದಾಟಿದ.

ಕ್ರಿಯಾಪದದ ಕಡೆ ಜಾಸ್ತಿ ಗಮನ ಬೇಕು. ಹಿಂದಕ್ಕೆ ಹೋಗುವ ಮೊದಲ ವಾಕ್ಯಕ್ಕೆ ಮಾತ್ರ "ಹೊರಟಿದ್ದರು". ಅಲ್ಲಿಂದಾಚೆ "ನಡೆದರು, ಕೂತರು, ಬುತ್ತಿ ಬಿಚ್ಚಿದರು". ಪ್ರತಿ ಸಾಲಿಗೂ "ಇದ್ದರು, ಇದ್ದರು" ಅಂದರೆ ಓಟವೇ ನಿಲ್ಲುತ್ತೆ, ಅಲ್ವಾ? ಸುಮ್ನೆ ನೋಡೋಣ ಅಂತ 1933ನ್ನು ವರ್ತಮಾನದಲ್ಲೂ ಬರೆದೆ. "ಹುಡುಗರು ನಡೆಯುತ್ತಾರೆ" ಅನ್ನೋದು ಸಾಕ್ಷ್ಯಚಿತ್ರದ ಹಿನ್ನೆಲೆ ದನಿ ಥರ ಕೇಳಿಸಿತು. ತೆಗೆದುಹಾಕಿದೆ. ಕೊನೆಯ ಜಿಗಿತ ಎಷ್ಟು ಸಾಲಿರಬೇಕು ಅನ್ನೋ ಲೆಕ್ಕ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈ ಸಲ ಕಳಿಸಿದ ಕಡೆಯೇ ಅಚ್ಚಾಯಿತು. ಸಂಭಾವನೆ ಸಾವಿರದೈನೂರೋ ಏನೋ ಬಂತು. ಖರ್ಚು ಗಿಟ್ಟಲಿಲ್ಲ, ಆದರೆ ಪತ್ತೇದಾರಿ ಆಟ ಅಂದವನೇ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಒಂದೇ ಉಸಿರಿಗೆ ಓದಿದೆ ಕಣೋ" ಅಂದ. ಬರೆಯೋನಿಗೆ ಇನ್ನೇನು ಬೇಕು?

ಈಗ ದಾವಣಗೆರೆ ಹತ್ತಿ ಗಿರಣಿಯಲ್ಲಿ ದುಡಿದ ನಮ್ಮ ಮಾವನ ಮೇಲೆ ಬರೆಯುತ್ತಿದ್ದೇನೆ. ಗಿರಣಿಗಳು ಮುಚ್ಚಿದ್ದು ಇಡೀ ಊರಿಗೇ ಗೊತ್ತು. ಹಾಗಾಗಿ ಕುತೂಹಲವೆಲ್ಲ ಮಾವನ ಮೇಲೇ ನಿಲ್ಲಬೇಕು. ಸೈರನ್ ಮೊದಲು ಕೂಗಬೇಕೋ, ಮೂರನೇ ಪುಟದಲ್ಲೋ, ಎರಡೂ ಬರೆದು ನೋಡುತ್ತಿದ್ದೇನೆ.